ಅಮ್ಮನ ಅರವತ್ತೆರಡು ಹಾಡು

ನಮ್ಮ ಮನೆಯ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ನಿಧಾನವಾಗಿ ಏಳುತ್ತಿತ್ತು, ಅಷ್ಟೇ. ಈ ವಯಸ್ಸಿನಲ್ಲಿ ನಾನೂ ಹಾಗೇ ಏಳುವುದು, ಯಾರೂ ನನ್ನನ್ನು ಬದಲಾಯಿಸಿಲ್ಲ. ಆದರೆ ಪಿಂಚಣಿ ನೋಡಲು ಹೋದರೆ ನಿಮ್ಮ ಸಿಸ್ಟಂ ಹಳೆಯದು ಎಂದು ಬ್ಯಾಂಕಿನ ಪುಟ ತೆರೆಯುವುದನ್ನೇ ನಿಲ್ಲಿಸಿತು. ನಾವಿರುವ ಈ ತಮಿಳು ನಗರದ ಶೋಳಿಂಗನಲ್ಲೂರಿನಲ್ಲಿ ಕೆಲಸ ಮಾಡುವ ಮಗಳು ಒಂದು ಶನಿವಾರ ಇದ್ದಬದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು, ಡಿಸ್ಕ್ ಪೂರ್ತಿ ಅಳಿಸಿ, ಹೊಸ ಸಿಸ್ಟಂ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕರೆದಳು. ನಾನು ಬೀನ್ಸ್ ಹೆಚ್ಚುತ್ತಿದ್ದೆ.

"ಅಮ್ಮಾ, ಇಂಗ ವಾ. ಈ ಫೈಲೆಲ್ಲಾ ಕರಪ್ಟ್ ಆಯಿಡುಚ್ಚು. ಡಿಲೀಟ್ ಪಣ್ಣಿಡವಾ?" ಕೆಟ್ಟುಹೋಗಿವೆ, ಅಳಿಸಿಬಿಡಲೇ ಎಂದು ಅವಳ ತಮಿಳು.

ಚಾಕು ಹಿಡಿದುಕೊಂಡೇ ಹೋಗಿ ನೋಡಿದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಸೊಟ್ಟ ಗೆರೆ, ತಲೆಬುಡವಿಲ್ಲದ ಗೋಜಲು. ಫೈಲುಗಳಿಗೆ ಹೆಸರೂ ಇಲ್ಲ, ಒಂದರಿಂದ ಅರವತ್ತೆರಡರವರೆಗೆ ಬರೀ ನಂಬರು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳಿಗೆ ನಂಬರು ಹಾಕಿದವಳು ನಾನು. ಹಳೆಯ ಆಫೀಸಿನ ಕಸ ಇರಬೇಕು ಅಂದುಕೊಂಡೆ.

"ತೆಗೆದ್ಹಾಕೇ," ಅಂದೆ. ಒಲೆಯ ಮೇಲೆ ಬೇಳೆ ಇತ್ತು.

ಎರಡು ತಿಂಗಳ ಮೇಲೆ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗಳ ಮದುವೆ. "ಅಮ್ಮನ ಹಸೆ ಹಾಡೆಲ್ಲ ನೀನೇ ಟೈಪ್ ಮಾಡಿಟ್ಟಿದ್ಯಲ್ಲೇ, ಕಳಿಸು. ಇಲ್ಲಿ ಒಬ್ಬರಿಗೂ ಒಂದು ಸಾಲೂ ಬರಲ್ಲ."

ಕಂಪ್ಯೂಟರಿನ ಮುಂದೆ ಕೂತು ಹುಡುಕುತ್ತಾ ಹುಡುಕುತ್ತಾ ಅವತ್ತಿನ ಆ ನಂಬರುಗಳು ನೆನಪಾದವು. ಅರವತ್ತೆರಡು ಹಾಡು, ಹಾಡಿಗೊಂದು ಫೈಲು. ಅಮ್ಮ ಕೊನೆಯ ಎರಡು ವರ್ಷ ಕೋಡಂಬಾಕ್ಕಂನ ಈ ಮನೆಯಲ್ಲೇ ಇದ್ದಳು. ನನಗಾಗ ನಿವೃತ್ತಿಯಾದ ಹೊಸತು. ಊಟ ಮುಗಿದ ಮೇಲೆ ಅವಳು ಒಂದೊಂದೇ ಸಾಲು ಹಾಡುವುದು, ನಾನು ಕುಟ್ಟುವುದು. ಅವಳು ಹೋದ ಮೇಲೆ ಒಂದು ದಿನವೂ ಆ ಫೈಲು ತೆರೆಯಲಿಲ್ಲ. ಧೈರ್ಯ ಸಾಲಲಿಲ್ಲ.

ಸಂಜೆ ಮಗಳು ಚಪ್ಪಲಿ ಬಿಡುವಷ್ಟರಲ್ಲೇ ಶುರು ಮಾಡಿದೆ. ಅಜ್ಜಿಯ ಹಾಡೆಂದು ಗೊತ್ತಾಗಲಿಲ್ಲವೇ, ಕನ್ನಡ ಓದಲು ಬಂದಿದ್ದರೆ ಹೀಗಾಗುತ್ತಿತ್ತೇ ಎಂದೆಲ್ಲ ಕೂಗಾಡಿದೆ. ಅವಳನ್ನು ತಮಿಳು ಕಲಿಸುವ ಶಾಲೆಗೆ ಸೇರಿಸಿದ್ದು ನಾನು. ಮನೆಯಲ್ಲಿ ಅ ಆ ತಿದ್ದಿಸಲು ನನಗೆ ಹದಿನೈದು ವರ್ಷದಲ್ಲೂ ಪುರುಸೊತ್ತಾಗಲಿಲ್ಲ. ಕನ್ನಡ ಬಂದ ನಾನೂ ಆ ಪರದೆಯನ್ನು ನೋಡಿಯೇ ಅಪ್ಪಣೆ ಕೊಟ್ಟಿದ್ದೆ. ಅದೆಲ್ಲ ಗೊತ್ತಿದ್ದೂ ಬೈದೆ.

ಅವಳು ಮೊಬೈಲಿನಲ್ಲಿ ಏನೇನೋ ಹುಡುಕಿ, ಆಮೇಲೆ ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು. "ಅಮ್ಮಾ, ಅದು ಕೆಟ್ಟಿರಲಿಲ್ಲ. ಹಳೇ ಕನ್ನಡ ಫಾಂಟ್. ಆ ಫಾಂಟ್ ಇದರಲ್ಲಿ ಹಾಕಿದ್ರೆ ಎಲ್ಲಾ ಸರಿಯಾಗಿ ಕಾಣಿಸ್ತಿತ್ತು."

ಅಷ್ಟೇ ಕೆಲಸವಂತೆ. ಪೆನ್‌ಡ್ರೈವಿನಲ್ಲಾದರೂ ಇದೆಯೇ ಎಂದರೆ, ಅದರ ಮೇಲೆ ಅವಳ ಆಫೀಸಿನ ಫೈಲುಗಳು ಎಂದೋ ಬಂದು ಕೂತಿದ್ದವು. ಮಾಡಿದ್ದುಣ್ಣೋ ಮಹಾರಾಯ. ಇನ್ನು ಯಾರನ್ನು ಬೈಯಲಿ?

"ನಿನಗೆ ನೆನಪಿರೋದು ಹೇಳು," ಎಂದು ಮಗಳು ಮೊಬೈಲನ್ನು ನನ್ನ ಮುಂದಿಟ್ಟಳು. "ಒಂದ್ ಹಾಡಾದ್ರೂ ಸಾಕು. ರೆಕಾರ್ಡ್ ಮಾಡ್ತೀನಿ."

ಅಮ್ಮ ಆಗಾಗ ಗೊಣಗುತ್ತಿದ್ದಳು, "ಬರೀ ಕುಟ್ತೀಯಲ್ಲೇ, ಒಂದಾದ್ರೂ ಬಾಯಲ್ಲಿ ಕಲ್ತ್ಕೊಳೇ." ನಾನು ತಲೆ ಎತ್ತದೆ ಅನ್ನುತ್ತಿದ್ದೆ, "ಕಂಪ್ಯೂಟರ್‌ನಲ್ಲಿ ಇರುತ್ತೆ ಬಿಡಮ್ಮ, ಎಲ್ಲಿಗೆ ಹೋಗುತ್ತೆ?"

ಬಾಯಿ ತೆರೆದೆ. ರಾಗ ಬಂತು, ಮಾತು ಬರಲಿಲ್ಲ. ಎರಡು ಸಲ ಗುನುಗಿ ನಿಲ್ಲಿಸಿದೆ. ಹೊರಗೆ ಆಟೋ ಹಾರನ್ ಹೊಡೆಯಿತು, ಅದೂ ದಾಖಲಾಯಿತು.

"ಅಳಿಸಿಬಿಡೇ ಅದನ್ನ," ಅಂದೆ.

ಈ ಸಲ ಅವಳು ನನ್ನ ಮಾತು ಕೇಳಲಿಲ್ಲ.