ಮೇಣದ ಬಿಲ್ಲೆ ಹೊತ್ತು ಮುಂಬೈಗೆ

ಸಂಜೆ ಕರೆಂಟು ಹೋಗಿತ್ತು. ಹೆಂಡತಿ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿಟ್ಟು ಹೋದಳು. ಕರಗುವ ಮೇಣದ ವಾಸನೆ ಮೂಗಿಗೆ ತಾಕಿದ್ದೇ ತಡ, ನನಗೆ ತ್ರಾಸಿಯಲ್ಲಿರುವ ತಂಗಿ ಗಿರಿಜೆಯ ನೆನಪಾಯಿತು. ಮೇಣಕ್ಕೂ ತಂಗಿಗೂ ಎಲ್ಲಿಯ ಸಂಬಂಧ ಎನ್ನುತ್ತೀರಿ; ಹೇಳುತ್ತೇನೆ.

ನಮ್ಮೂರ ಕಡೆ ಕೊಂಕಣ ರೈಲು ಓಡಲು ಶುರುವಾಗಿ ನಾಲ್ಕೈದು ವರ್ಷವಾಗಿರಬಹುದು. ಗಿರಿಜೆಗೆ ಚೊಚ್ಚಲ ಹೆಣ್ಣುಮಗು ಹುಟ್ಟಿತು. ಎರಡನೇ ದಿನಕ್ಕೇ ಮಗು ಏದುಸಿರು ಬಿಡತೊಡಗಿತು. ಹಾಲು ಚೀಪಲೂ ಉಸಿರು ಸಾಲದು. ಕುಂದಾಪುರದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಎಡಗಡೆ ಶ್ವಾಸಕೋಶ ಇರಬೇಕಾದಲ್ಲಿ ಬರೀ ಬಿಳಿ. ಕಫವಿರಬಹುದು, ಆದರೆ ನನಗೆ ಹಾಗನ್ನಿಸುವುದಿಲ್ಲ ಎಂದು ಅವರು ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಅಂಗೈಯಗಲದ ಎದೆಯೊಳಗೆ ನಿಂಬೆಹಣ್ಣಿನಷ್ಟು ಗಡ್ಡೆ. ಆಪರೇಷನ್ ಮಾಡಿ ತೆಗೆದರು. ಮೂರನೇ ದಿನ ಮಗು ಹೋಯಿತು.

ಅಂಥ ಗಡ್ಡೆಯನ್ನು ಅಲ್ಲಿಯವರೂ ಕಂಡಿರಲಿಲ್ಲ. ಕೆಡದಂತೆ ಅದರ ಚೂರನ್ನು ಹುದುಗಿಸಿದ್ದ ಪುಟ್ಟ ಮೇಣದ ಬಿಲ್ಲೆಯೊಂದನ್ನು ಕೊಟ್ಟು, ಮುಂಬೈಯಲ್ಲಿ ಇಂಥ ಗಡ್ಡೆಗಳನ್ನೇ ಪರೀಕ್ಷಿಸುವವರಿದ್ದಾರೆ, ತೋರಿಸಬಹುದು ಎಂದರು. ಮಗುವೇ ಇಲ್ಲದ ಮೇಲೆ ಗಡ್ಡೆಯ ಜಾತಕ ಯಾಕೆ ಎಂದು ಗಿರಿಜೆಯ ಗಂಡ ಸುಮ್ಮನಾದ. ಅವಳು ಮಾತ್ರ ನನ್ನ ಕೈ ಹಿಡಿದಳು.

“ಅಣ್ಣ, ನೀ ಹೋಯ್ ಬಾ. ಅದ್ ಎಂತಕ್ ಬಂತ್ ಅಂದ್ ನಂಗೆ ಗೊತ್ತಾಯ್ಕ್.”

ಯಾಕೆ ಹಾಗೆಂದಳೆಂದು ನನಗೆ ತಿಳಿದಿತ್ತು. ಬಸುರಿಗೆ ಎಂಟು ತಿಂಗಳಾದರೂ ಅವಳು ಮೀನಿನ ಬುಟ್ಟಿ ಹೊತ್ತು ಮಾರಲು ಹೋಗುತ್ತಿದ್ದಳು. ಆ ಭಾರವೇ ಮಗುವಿನ ಎದೆಯಲ್ಲಿ ಕೂತಿತೆಂದು ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅವರನ್ನು ದೂರಿ ಏನು? ಆಸ್ಪತ್ರೆಯ ಹೊರಗೆ ಅವಳ ಗಂಡನೊಡನೆ ನಾನೂ ಅದನ್ನೇ ಆಡಿದ್ದೆ.

ಹತ್ತು ವರ್ಷ ಮುಂಬೈಯ ಕ್ಯಾಂಟೀನುಗಳಲ್ಲಿ ದುಡಿದವನೆಂಬ ಜಂಬ ನನಗಿತ್ತು, ಬುದ್ಧಿ ಅಷ್ಟಕ್ಕಷ್ಟೇ. ಸೆಕೆಗೆ ಬಿಲ್ಲೆ ಕರಗೀತೆಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಬೈಂದೂರಿನಿಂದ ಮುಂಬೈವರೆಗೂ ತೊಡೆಯ ಮೇಲೆ ಹಿಡಿದು ಕೂತೆ. ಎದುರು ಸೀಟಿನ ಹೆಂಗಸು, ಊರಿನ ತಿಂಡಿಯಾ ಎಂದು ಕೇಳಿದರು. ಹೌದೆಂದೆ. ಇದು ಇಷ್ಟಕ್ಕೆಲ್ಲ ಕರಗುವುದಿಲ್ಲ ಎಂದು ಮುಂಬೈಯ ಲ್ಯಾಬಿನ ಡಾಕ್ಟರಮ್ಮ ಡಬ್ಬಿ ತೆರೆದು ಹೇಳಿದಾಗ ನಾಚಿಕೆಯಾಯಿತು.

ಹತ್ತು ದಿನ ಕಾದೆ. ಕ್ಯಾನ್ಸರ್ ಅಲ್ಲ, ಬಹಳ ಅಪರೂಪದ್ದು, ಗರ್ಭದಲ್ಲೇ ಬೆಳೆದ ಗಡ್ಡೆ ಎಂದು ವರದಿ ಬಂತು. ಭಾರ ಹೊತ್ತದ್ದರಿಂದ ಬಂತೇ ಎಂದು ನನ್ನ ಕ್ಯಾಂಟೀನ್ ಹಿಂದಿಯಲ್ಲಿ ಕೇಳಿದೆ. ಅಲ್ಲವೇ ಅಲ್ಲ, ತಾಯಿ ಏನೋ ಮಾಡಿದ್ದರಿಂದ ಬರುವಂಥದ್ದಲ್ಲ ಎಂದರು ಡಾಕ್ಟರಮ್ಮ. ಅದನ್ನೇ ಬರೆದುಕೊಡಿ ಎಂದು ಹಟ ಹಿಡಿದೆ. ಅವರು ನನ್ನ ಮುಖ ನೋಡಿ, ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿದರು.

ತ್ರಾಸಿಗೆ ಬಂದು ಆ ಚೀಟಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. “ಇನ್ನೊಂದ್ ಸಲ ಓದ್” ಎಂದಳು ಗಿರಿಜೆ. ಓದಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ಕೇಳಿಸಿಕೊಂಡರು. ಆಮೇಲೆ ಬುಟ್ಟಿಯ ಭಾರದ ಮಾತು ಅವರ ಬಾಯಲ್ಲಿ ಬರಲಿಲ್ಲ. ಗಿರಿಜೆ ಚೀಟಿ ಮಡಚುತ್ತ ಮೆಲ್ಲಗೆ ಕೇಳಿದಳು:

“ಅಣ್ಣ, ನಿಂಗೂ ಹಂಗೇ ಕಂಡಿತ್ತಾ?”

ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಅವಳಿಗೆ ಮತ್ತೆರಡು ಮಕ್ಕಳಾಗಿ, ಈಗ ಹೈಸ್ಕೂಲಿಗೆ ಹೋಗುತ್ತಿದ್ದಾರೆ. ಉತ್ತರ ಮಾತ್ರ ನನ್ನಲ್ಲೇ ಉಳಿದಿತ್ತು. ಇವತ್ತು ಕೂತಲ್ಲಿಂದಲೇ ಫೋನು ಮಾಡಿದೆ. ಹೌದು, ಆಗ ನಾನೂ ಹಾಗೇ ಅಂದಿದ್ದೆ ಎಂದೆ.

“ನಂಗೆ ಗೊತ್ತಿತ್ತ್” ಎಂದಳು. “ಆ ಮಗುಗೆ ಮನ್ಸಲ್ಲೇ ಸುಮ ಅಂದ್ ಹೆಸ್ರ್ ಇಟ್ಟಿದ್ದೆ ಅಣ್ಣ. ಯಾರತ್ರೂ ಹೇಳ್ಲಿಲ್ಲೆ.”

ಯಾರ ಹತ್ತಿರ ಮಾತು ಎಂದು ಹೆಂಡತಿ ಒಳಗಿಂದ ಕೇಳಿದಳು. ಗಿರಿಜೆ ಎಂದೆ. ಆಮೇಲೆ, ನಮಗೆ ಸುಮ ಎಂಬ ಸೋದರ ಸೊಸೆಯೊಬ್ಬಳಿದ್ದಳು ಎಂದೆ.