ಎರಡನೇ ಸಾಲು ಹೇಳುವವರು

ವಿಯೆನ್ನಾದಲ್ಲಿ ಮೊದಲ ಸಲ ಸಂಗೀತ ನಾಟಕ ನೋಡಲು ಹೋದ ಸಂಜೆ, ನನ್ನ ಪಕ್ಕ ನಿಂತಿದ್ದ ವೃದ್ಧರೊಬ್ಬರು ಕತ್ತಿನ ಮಫ್ಲರ್ ಬಿಚ್ಚಿ ಮುಂದಿನ ಕಂಬಿಗೆ ಕಟ್ಟಿ ಹೊರಗೆ ಹೋದರು. ಸುತ್ತಲಿನವರೂ ಒಬ್ಬೊಬ್ಬರಾಗಿ ಕಟ್ಟಿದರು. ಏನೋ ಹರಕೆ ಇರಬೇಕು ಅಂದುಕೊಂಡೆ. ಅದು ಜಾಗ ಹಿಡಿಯುವ ರೀತಿ ಎಂದು ಆಮೇಲೆ ತಿಳಿಯಿತು. ದುಬಾರಿ ಕುರ್ಚಿಗಳ ಹಿಂದೆ 'ಶ್ಟೇಪ್ಲಾಟ್ಸ್', ಅಂದರೆ ನಿಂತು ನೋಡುವ ಜಾಗ, ಅಗ್ಗಕ್ಕೆ ಸಿಗುತ್ತದೆ. ವಿರಾಜಪೇಟೆಯಲ್ಲಿ ಮಾಕುಟ್ಟದ ಕಡೆ ಹೋಗುವ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವಳು ನಾನು. ಅಲ್ಲಿ ಟವೆಲಿನ ಮೇಲೂ ಜಗಳವಾಗುತ್ತದೆ. ಇಲ್ಲಿ ಇಪ್ಪತ್ತು ನಿಮಿಷ ಕಳೆದರೂ ಮಫ್ಲರನ್ನು ಯಾರೂ ಮುಟ್ಟಲಿಲ್ಲ.

ಮೂರು ಗಂಟೆ ನಿಂತೆ. ಒಂದು ಪದವೂ ಅರ್ಥವಾಗಲಿಲ್ಲ. ಕೊನೆಗೆ ಕೆನ್ನೆ ಒದ್ದೆಯಾಗಿತ್ತು.

ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಗಂಡನನ್ನು ಊರಲ್ಲಿ ಬಿಟ್ಟು ಒಬ್ಬಳೇ ಬಂದವಳು. ಮೊದಲ ತಿಂಗಳುಗಳು ಕಷ್ಟದವೇ. ಬಾಡಿಗೆ ಕೋಣೆಯ ಕಿಟಕಿ ಇನ್ನೊಂದು ಗೋಡೆಗೆ ತೆರೆಯುತ್ತಿತ್ತು. ಮಂಗಳೂರಿನ ತರಗತಿಯಲ್ಲಿ ಕಲಿತ ಜರ್ಮನ್ ಪುಸ್ತಕದ ಕನ್ನಡದಂಥದ್ದು. ರೋಗಿಗಳಾಡುವುದು ಕೊಡಗಿನ ನಮ್ಮ ಮನೆಮಾತು ಅರೆಭಾಷೆಯಂಥದ್ದು. ಎಲ್ಲದಕ್ಕೂ 'ಪಾಸ್ಟ್' ಅನ್ನುತ್ತಾರೆ. ಆಯ್ತು, ಸರಿಯಾಗಿದೆ, ಸಾಕು, ಎಲ್ಲವೂ ಅದೇ. ಆ ಒಂದು ಪದ ಬಾಯಿಗೆ ಕೂತ ದಿನ ವಾರ್ಡಿನಲ್ಲಿ ನಾನೂ ಒಬ್ಬಳಾದೆ.

ಆಮೇಲೆ ಸುಖ ಶುರುವಾಯಿತು. ಅದನ್ನು ಊರಿಗೆ ಹೇಳಲಾಗಲಿಲ್ಲ. ಅವ್ವ ಫೋನಿನಲ್ಲಿ "ಬೇಜಾರ್ ಆತಿಲ್ಲೆನಾ ಮಗಾ?" ಎಂದು ಕೇಳಿದಾಗಲೆಲ್ಲ "ತುಂಬಾ ಬೇಜಾರು" ಅನ್ನುತ್ತಿದ್ದೆ. ಚಿತ್ರಶಾಲೆಯಿಂದ ಆಗಷ್ಟೇ ಹೊರಬಂದು, ಕೈಯಲ್ಲಿ ಕೇಕ್ ಹಿಡಿದುಕೊಂಡು. ಅವರೆಲ್ಲ ಕಾಳುಮೆಣಸು ಕೊಯ್ಯುವ ದಿನಗಳಲ್ಲಿ ಬೆನ್ನು ನೋವೆಂದು ನರಳುವಾಗ ನಾನು ಹೀಗೆ ಖುಷಿಯಾಗಿದ್ದೇನೆಂದು ಹೇಗೆ ಹೇಳುವುದು?

ಆಸ್ಪತ್ರೆಯ ಸಿಬ್ಬಂದಿಯದೇ ಒಂದು ಹಾಡುಗಾರರ ಗುಂಪಿದೆ. ಶನಿವಾರ ಬೆಳಗ್ಗೆ ಅಭ್ಯಾಸ. ನಿವೃತ್ತ ನರ್ಸ್ ಹನ್ನೆಲೋರ್ ಅದನ್ನು ನಡೆಸುತ್ತಾರೆ. ಸೇರಿದ ಎರಡನೇ ವಾರ ಅವರು ಕೇಳಿದರು: "ನಿಮ್ಮೂರಿನ ಒಂದು ಹಾಡು ಕಲಿಸುತ್ತೀಯಾ?"

"ನಮ್ಮ ಕಡೆ ಹಾಗೆ ಹಾಡುವ ರೂಢಿ ಇಲ್ಲ" ಅಂದೆ.

ಹೇಳುವಾಗಲೇ ಮುಖ ಬಿಸಿಯಾಯಿತು. ನನ್ನ ಸೋದರತ್ತೆ ನೀಲಮ್ಮ ಮದುವೆಮನೆಗಳಲ್ಲಿ ಸೋಬಾನೆ ಹೇಳುವವರು. ಗೋಣಿಕೊಪ್ಪಲಿನ ಹಾಲ್‌ನಲ್ಲಿ ನನ್ನ ಮದುವೆಯಾದಾಗ ಅರಿಶಿನದ ಶಾಸ್ತ್ರಕ್ಕೆ ಅತ್ತೆ ಹಾಡು ಎತ್ತಿದ್ದರು. ಫೋಟೋದವನು ಸಿನಿಮಾ ಹಾಡು ಹಾಕಲು ಕಾಯುತ್ತಿದ್ದ. ನಾನು ಅರಿಶಿನದ ಕೈಯಲ್ಲೇ "ಸಾಕು ಅತ್ತೆ" ಎಂದು ಸನ್ನೆ ಮಾಡಿದೆ. ಅವರು ಅರ್ಧ ಸಾಲಿಗೇ ನಿಲ್ಲಿಸಿ, ನಕ್ಕು, "ಆತ್, ಆತ್" ಎಂದು ಬದಿಗೆ ಸರಿದರು. ಇಲ್ಲಿ ಅರ್ಥವಾಗದ ಹಾಡಿಗೆ ಮೂರು ಗಂಟೆ ನಿಲ್ಲುವವಳಿಗೆ ಅಂದು ಐದು ನಿಮಿಷ ಕೂರಲು ಆಗಿರಲಿಲ್ಲ.

ಮರುದಿನ ಅತ್ತೆಗೆ ಫೋನ್ ಮಾಡಿದೆ. ಸೋಬಾನೆ ಕಲಿಸಿ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ಅದ್ ಒಬ್ಬಳೇ ಹೇಳುವ ಹಾಡಲ್ಲ ಮಗಾ. ನಾ ಒಂದ್ ಸಾಲ್ ಹೇಳಿರೆ ಇನ್ನೊಬ್ಬಳ್ ಎರಡನೇದ್ ಹೇಳಿಕೆ ಬೇಕು. ಪಕ್ಕದಮನೆ ಸೀತಕ್ಕ ಹೋದಮೇಲೆ ಎರಡನೇ ಸಾಲಿಗೆ ಜನ ಇಲ್ಲೆ."

"ನಾನು ಹೇಳ್ತೇನೆ."

ಆರು ಭಾನುವಾರ ಹಾಗೇ ನಡೆಯಿತು. ಅತ್ತೆ ಅಡುಗೆಮನೆಯಲ್ಲಿ, ನಾನು ಈ ಕೋಣೆಯಲ್ಲಿ. ಒಂದು ದಿನ ಧೈರ್ಯ ಮಾಡಿ ಮದುವೆಯ ದಿನದ ತಪ್ಪನ್ನು ಒಪ್ಪಿಕೊಂಡೆ.

"ನಂಗೆ ಗೊತ್ತುಟ್ಟು. ಮುಂದಿನ ಸಾಲಿಲಿ ನಿನ್ನ ಹೆಸರ್ ಇತ್ತ್. ಅಷ್ಟೇ ಬೇಜಾರ್."

ನಾನು ಕಲಿತದ್ದನ್ನು ಗುಂಪಿಗೆ ಕಲಿಸಿದೆ. ಹಾಡುವ ರೂಢಿ ಇಲ್ಲ ಎಂದದ್ದು ಸುಳ್ಳು ಎಂದು ಹನ್ನೆಲೋರ್ ಬಳಿ ಒಪ್ಪಿಕೊಂಡೆ. ಅವರು 'ಪಾಸ್ಟ್' ಅಂದರು. ಮೊದಲ ಸಾಲು ನಾನು, ಎರಡನೆಯದು ಗುಂಪಿನ ನಲವತ್ತು ಜನ. 'ಸೋಬಾನೆ'ಯ 'ನೆ' ಅವರ ಬಾಯಲ್ಲಿ ಚೂಪಾಗುತ್ತದೆ, ಆದರೂ ಮೈ ಜುಮ್ಮೆನ್ನುತ್ತದೆ.

ಆ ಹೊತ್ತಿಗೆ ಅತ್ತೆಯ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಅತ್ತೆಯೇ ಫೋನ್ ಮಾಡಿದರು.

"ನೀ ಬರೋಕು. ಈಗ ಎರಡನೇ ಸಾಲಿಗೆ ನೀನೇ ಅಲ್ವಾ?"

ನನ್ನ ಬಳಿ ರಜೆ ಉಳಿದಿರಲಿಲ್ಲ. ಇದ್ದ ರಜೆಯನ್ನೆಲ್ಲ ಹಾಡುಗಾರರ ಜೊತೆ ಸರೋವರದ ದಂಡೆಯ ಊರೊಂದರ ಸಂಗೀತೋತ್ಸವಕ್ಕೆ ಹೋಗಿ ಕಳೆದಿದ್ದೆ. ಜೀವನದಲ್ಲಿ ಅಷ್ಟು ಚೆಂದದ ದಿನಗಳನ್ನು ಕಂಡಿರಲಿಲ್ಲ.

"ರಜೆ ಕೊಡ್ಲಿಲ್ಲ ಅತ್ತೆ" ಅಂದೆ.

"ಪಾಪ. ಎಷ್ಟ್ ಕೆಲಸ ಮಾಡ್ಸುವೊ ನಿನ್ನತ್ರ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಅರಿಶಿನದ ಶಾಸ್ತ್ರ ಶನಿವಾರ ಮಧ್ಯಾಹ್ನ. ಇಲ್ಲಿ ಆಗ ಬೆಳಗಿನ ಅಭ್ಯಾಸದ ಹೊತ್ತು. ಹೋಗದೆ ಕೋಣೆಯಲ್ಲೇ ಇದ್ದುಬಿಡೋಣ ಅನ್ನಿಸಿತ್ತು, ಕೊನೆಗೆ ಹೋದೆ. ಮರುದಿನ ತಂಗಿ ಫೋನಿನಲ್ಲಿ ಮದುವೆಮನೆಯ ಸುದ್ದಿ ಹೇಳುತ್ತಾ ಹೋದಳು. ಅತ್ತೆ ಹಾಡಿದರಂತೆ, ಪೂರ್ತಿ, ಹುಡುಗಿಯ ಹೆಸರು ಸೇರಿಸಿ. ಯಾರೂ ತಡೆಯಲಿಲ್ಲವಂತೆ.

"ಪಾಪ, ವಯಸ್ಸಾಯ್ತಲ್ಲ" ಎಂದಳು ತಂಗಿ. "ಒಂದೊಂದ್ ಸಾಲು ಆದ್ಮೇಲೂ ಸ್ವಲ್ಪ ಹೊತ್ತು ನಿಲ್ಲಿಸ್ತಿದ್ರು. ಉಸಿರು ತಗೊಳ್ಳೋಕೆ ಇರ್ಬೇಕು."

ನಾನು ಹೂಂ ಅಂದೆ. ಉಸಿರಿಗಲ್ಲ ಎಂದು ಹೇಳಲಿಲ್ಲ. ಅದೇ ಗಳಿಗೆಯಲ್ಲಿ ಇಲ್ಲಿ ನಲವತ್ತು ಜನ ನನ್ನ ಹಿಂದೆ ಎರಡನೇ ಸಾಲು ಹೇಳುತ್ತಿದ್ದರು. ಇಂದು ನಿನ್ನ ದನಿ ತುಂಬಿ ಬಂತು ಎಂದು ಹನ್ನೆಲೋರ್ ಬೆನ್ನು ತಟ್ಟಿದ್ದರು. ನಿಜ, ಚೆನ್ನಾಗಿಯೇ ಹಾಡಿದ್ದೆ.