ಸೊಂಟದ ಮೊಬೈಲು, ಉಡಿಯ ಗಂಟು

ನನ್ನ ಸೊಂಟದಲ್ಲಿರುವ ಇನ್ಸುಲಿನ್ ಪಂಪಿಗೆ ನಮ್ಮವ್ವ ಇಟ್ಟ ಹೆಸರು ಮೊಬೈಲ್. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರಾದರೂ ಸೀರೆಯ ಮರೆಯಿಂದ ಇಣುಕುವ ಆ ಕಪ್ಪು ಡಬ್ಬಿಯನ್ನು ನೋಡಿ ಏನದು ಎಂದು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟು ಮುಗಿಸುತ್ತಿದ್ದಳು: ಫ್ಯಾಕ್ಟರಿಯವರು ಕೊಟ್ಟ ಮೊಬೈಲ್. ನಾನು ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಈ ಸುಳ್ಳು ಸಲೀಸಾಗಿ ನಡೆಯುತ್ತಿತ್ತು. ಕೈಯಲ್ಲಿ ಇನ್ನೊಂದು ಮೊಬೈಲ್ ಇರುವುದನ್ನು ನೋಡಿಯೂ ಯಾರೂ ಮುಂದೆ ಕೇಳುತ್ತಿರಲಿಲ್ಲ. ಅದೊಂದೇ ಪುಣ್ಯ.

ಶಾಲೆಯಲ್ಲಿದ್ದಾಗಲೇ ನನಗೆ ಈ ಶುಗರ್ ಅಂಟಿಕೊಂಡಿತು. ವಯಸ್ಸಾದವರಿಗೆ ಬರುವ, ಗುಳಿಗೆಯಲ್ಲಿ ಸುಧಾರಿಸುವ ಜಾತಿಯದಲ್ಲ. ನನ್ನ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿದೆ. ಹೊರಗಿನಿಂದ ಹಾಕಬೇಕು, ಬದುಕಿರುವವರೆಗೆ ಹಾಕಬೇಕು; ಮೊದಲು ಸೂಜಿಯಿಂದ, ಈಗ ಗುಂಡಿ ಒತ್ತಿದಾಗ ಹೊಟ್ಟೆಗೆ ಚುಚ್ಚಿದ ನಳಿಕೆಯಲ್ಲಿ ಔಷಧ ಬಿಡುವ ಈ ಪಂಪಿನಿಂದ. ಅವ್ವ ಅದನ್ನು ಮನೆಯ ಮಾನದ ಪ್ರಶ್ನೆ ಮಾಡಿಕೊಂಡಳು. ಹೆಣ್ಣುಮಗಳು, ನಾಳೆ ಮದುವೆಯಾಗಬೇಕು, ಊರ ಬಾಯಿಗೆ ಬೀಳಬಾರದು. ಫ್ರಿಜ್ಜಿನಲ್ಲಿ ಇನ್ಸುಲಿನ್ ಕೊತ್ತಂಬರಿ ಕಟ್ಟಿನ ಕೆಳಗೆ ಅಡಗಿರುತ್ತಿತ್ತು. ನೆಂಟರು ಬಂದರೆ ನನ್ನನ್ನು ಒಳಕೋಣೆಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಸೂಜಿ ಚುಚ್ಚುವವರೆಗೂ ಅವ್ವ ಹೊರಗೆ ಕಾವಲು ನಿಲ್ಲುತ್ತಿದ್ದಳು. ಮದುವೆಗೆ ಮುಂಚೆ ನಾನೇ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವನು ಆಗಲಿ ಎಂದು ತಲೆಯಾಡಿಸಿದ. ಅವ್ವ ಮಾತ್ರ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಳು.

ಐರ್ಲೆಂಡಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ಎಲ್ಲರೂ ನನ್ನ ಬುದ್ಧಿಯನ್ನು ಹೊಗಳಿದರು. ನಾನು ಅರ್ಜಿ ಹಾಕಿದ ಕಾರಣ ಬೇರೆಯೇ ಇತ್ತು. ಯಾರಿಗೂ ನನ್ನ ಗುರುತಿಲ್ಲದ ಊರಿನಲ್ಲಿ ಆ ಡಬ್ಬಿಯನ್ನು ಪ್ಯಾಂಟಿನ ಮೇಲೆ ಸಿಕ್ಕಿಸಿಕೊಂಡು, ಎಲ್ಲರ ಎದುರಿಗೇ ಗುಂಡಿ ಒತ್ತಿ, ಊಟ ಮಾಡಬೇಕು. ಇಷ್ಟೇ ನನ್ನ ಆಸೆ.

ಆದರೆ ಹೊರಡುವುದೆಂದರೆ ಸುಲಭವೇ? ಪಂಪ್ ಮಾರಿದ ಕಂಪನಿಯವರು ದೇಶ ದಾಟಿದ ಮೇಲೆ ಜವಾಬ್ದಾರಿ ನಮ್ಮದಲ್ಲ ಎಂದರು. ಅಲ್ಲಿನ ಆಸ್ಪತ್ರೆಯವರು ಮೊದಲು ಇಲ್ಲಿಗೆ ಬಂದು ಹೆಸರು ಹಚ್ಚಿ, ಸರದಿ ಬಂದಾಗ ಕರೆಯುತ್ತೇವೆ ಎಂದರು. ಈ ಎರಡರ ನಡುವಿನ ತಿಂಗಳುಗಳಲ್ಲಿ ನಾನೇನು ಉಸಿರು ಬಿಗಿಹಿಡಿದು ಕೂಡಬೇಕೆ ಎಂದು ಫೋನಿನಲ್ಲಿ ಕೂಗಾಡಿದೆ. ಅತ್ತ ಕಡೆಯ ಹುಡುಗಿ ಬಹಳ ಸೌಜನ್ಯದಿಂದ, ಇನ್ನೇನಾದರೂ ಸಹಾಯ ಬೇಕೆ ಎಂದು ಕೇಳಿದಳು. ಕೊನೆಗೆ ಸಿಕ್ಕಷ್ಟು ಇನ್ಸುಲಿನ್, ನಳಿಕೆ, ಸೂಜಿಗಳನ್ನೆಲ್ಲ ಒಂದು ಕೈಚೀಲಕ್ಕೆ ತುಂಬಿದೆ. ವಿಮಾನದ ಹೊಟ್ಟೆಗೆ ಹಾಕಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುತ್ತದೆ, ಹಾಗಾಗಿ ಅದು ಕೈಯಲ್ಲೇ ಇರಬೇಕು. ಅದೇ ಚೀಲದಲ್ಲಿ ಅವ್ವ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣಗಳನ್ನು ತುರುಕಿದಳು. ನಾನು ತೆಗೆದಿಟ್ಟೆ. ಅವಳು ಮತ್ತೆ ತುರುಕಿದಳು. ಯಾರಾದರೂ ಚೀಲ ತೆರೆದರೆ ಮೇಲೆ ತಿನ್ನುವ ಸಾಮಾನು ಕಾಣಲಿ ಎಂಬುದು ಅವಳ ಲೆಕ್ಕಾಚಾರ ಎಂದು ಆಮೇಲೆ ತಿಳಿಯಿತು.

ಹೊರಡುವ ದಿನ ನಾನು ತವರಿನಲ್ಲಿದ್ದೆ. ಗಂಡ ಹುಮನಾಬಾದಿನ ಮನೆಯಲ್ಲಿ ಪೆಟ್ಟಿಗೆಗಳೊಂದಿಗೆ ಕಾಯುತ್ತಿದ್ದ; ವಿಮಾನ ಹತ್ತಲು ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಅವನನ್ನು ಹತ್ತಿಸಿಕೊಳ್ಳಬೇಕಿತ್ತು. ನನಗೆ ಉಡಿ ತುಂಬಲೆಂದು ಅವ್ವನ ಅಕ್ಕ, ನನ್ನ ದೊಡ್ಡವ್ವ, ಚಿಟಗುಪ್ಪದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಓಣಿಯ ಹೆಂಗಸರೆಲ್ಲ ಸೇರಿದರು. ಮಣೆಯ ಮೇಲೆ ಕೂಡಿಸಿ, ಸೆರಗಿನಲ್ಲಿ ಅಕ್ಕಿ, ಬಟ್ಟಲು ಕೊಬ್ಬರಿ, ಅರಿಶಿನದ ಬೇರು, ಅಡಿಕೆ, ಬೆಲ್ಲ, ರವಿಕೆಯ ಖಣ ಎಲ್ಲ ಹಾಕಿ, ದೊಡ್ಡವ್ವ ಸೆರಗನ್ನು ಗಂಟು ಕಟ್ಟಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಗಂಟು ಬಿದ್ದದ್ದು ಸರಿಯಾಗಿ ಪಂಪಿನ ಮೇಲೆ. ಹೊಟ್ಟೆಯ ಮೇಲೆ ನಳಿಕೆ ಚುಚ್ಚಿದ್ದಲ್ಲಿ ಚುರ್ ಎಂದಿತು. ಅವ್ವನ ಕಡೆ ನೋಡಿದೆ. ಅವಳು ಕಣ್ಣಲ್ಲೇ ಸುಮ್ಮನಿರು ಎಂದಳು.

ಹೊರಡಬೇಕು ಎನ್ನುವಷ್ಟರಲ್ಲಿ ದೊಡ್ಡವ್ವನಿಗೆ ರಾಹುಕಾಲ ನೆನಪಾಯಿತು. ಅದು ಕಳೆಯುವವರೆಗೆ ಹೊಸ್ತಿಲು ದಾಟುವಂತಿಲ್ಲ. ತುಂಬಿದ ಉಡಿಯನ್ನು ತವರಿನಲ್ಲಿ ಬಿಚ್ಚುವಂತೆಯೂ ಇಲ್ಲ, ಗಂಡನ ಮನೆಯ ದೇವರ ಮುಂದೆಯೇ ಇಳಿಸಬೇಕು. ಹೀಗಾಗಿ ಅಕ್ಕಿ ಬೆಲ್ಲ ಹೊತ್ತುಕೊಂಡು ಮಣೆಯ ಮೇಲೆಯೇ ಕೂತೆ. ಬಂದವರೆಲ್ಲ ಬಾಯಿಗೆ ಪೇಡಾ ಇಟ್ಟರು. ಪ್ರತಿ ಪೇಡಾಕ್ಕೂ ನಾನು ಸೆರಗಿನ ಕೆಳಗೆ ಕೈ ಹಾಕಿ, ಕಳ್ಳಿಯ ಹಾಗೆ, ಪಂಪಿನ ಗುಂಡಿ ಒತ್ತಿದೆ.

ನಾಲಿಗೆ ಒಣಗತೊಡಗಿತು. ನೀರು ಕುಡಿದೆ, ಮತ್ತೆ ಕುಡಿದೆ. ಶುಗರ್ ಏರಿದ ಗುರುತು ಅದು. ಆಗ ಮೂಗಿಗೆ ಆಸ್ಪತ್ರೆಯ ವಾಸನೆ ಬಡಿಯಿತು. ಲ್ಯಾಬಿನವಳಿಗೆ ಇನ್ಸುಲಿನ್ನಿನ ಆ ವಾಸನೆ ಗೊತ್ತಾಗದೆ ಇರುತ್ತದೆಯೇ? ಲಂಗದ ಲಾಡಿ ಮುಟ್ಟಿ ನೋಡಿದರೆ ಒದ್ದೆ. ಗಂಟಿನ ಜಗ್ಗಾಟಕ್ಕೆ ನಳಿಕೆಯ ತುದಿ ಚರ್ಮದಿಂದ ಕಿತ್ತು ಬಂದಿತ್ತು. ಒತ್ತಿದ ಇನ್ಸುಲಿನ್ನೆಲ್ಲ ಲಂಗ ಕುಡಿದಿತ್ತು, ನನ್ನ ಮೈಗೆ ಒಂದು ಹನಿಯೂ ಹೋಗಿರಲಿಲ್ಲ. ಹೀಗೇ ಕೂತರೆ ವಿಮಾನದ ಬದಲು ಆಸ್ಪತ್ರೆಯ ಮಂಚ ಗಟ್ಟಿ. ಅದಾದ ಮೇಲೆ ನನ್ನನ್ನು ಯಾರು ಕಳಿಸುತ್ತಾರೆ?

ಎದ್ದು ನಿಂತು ಗಂಟಿಗೆ ಕೈ ಹಾಕಿದೆ. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದಳು.

"ಏನ್ ಮಾಡಾಕತ್ತಿ? ತುಂಬಿದ್ ಉಡಿ ತವರ್ನಾಗ ಬಿಚ್ತಾರೇನು?"

"ಮೊಬೈಲ್ ತಕ್ಕೋಳಾಕತ್ತಾಳ, ಬಿಡು," ಎಂದಳು ಅವ್ವ, ರೂಢಿಯಂತೆ.

ನನಗೆ ಎಲ್ಲಿತ್ತೋ ಸಿಟ್ಟು. ಸಾಯುವ ಹೊತ್ತಿಗೂ ಇವಳು ಇದನ್ನು ಮೊಬೈಲ್ ಎಂದೇ ಹೇಳುತ್ತಾಳೆ ಎನಿಸಿತು. "ಅವ್ವಾ, ನಳಿಗಿ ಕಿತ್ತೈತಿ. ಈಗರ ಖರೇ ಹೇಳು," ಎಂದೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಬಂದು, ತನ್ನ ಅಕ್ಕನ ಕೈ ಬಿಡಿಸಿ, ಗಂಟನ್ನು ತಾನೇ ಬಿಚ್ಚಿದಳು. ಅಕ್ಕಿ ನೆಲಕ್ಕೆ ಚೆಲ್ಲಿತು, ಕೊಬ್ಬರಿ ಬಟ್ಟಲು ಉರುಳಿ ಬಾಗಿಲವರೆಗೆ ಹೋಯಿತು. ಹೆಂಗಸರೆಲ್ಲ ಬೆಪ್ಪಾಗಿ ಕೂತಿದ್ದರು. ಒಳಕೋಣೆಯಿಂದ ಕೈಚೀಲ ತಂದು, ಶೇಂಗಾ ಹಿಂಡಿಯನ್ನು ಬದಿಗೆ ಸರಿಸಿ, ಅವ್ವ ನನ್ನ ಕೈಗೆ ಇನ್ಸುಲಿನ್ ಪೆನ್ನು ಕೊಟ್ಟಳು. ಆ ಮನೆಯ ನಡುಮನೆಯಲ್ಲಿ, ಬಾಗಿಲು ತೆರೆದಿರುವಾಗ, ನಾನು ಸೂಜಿ ಚುಚ್ಚಿಕೊಂಡದ್ದು ಅದೇ ಮೊದಲು.

"ಸಣ್ಣಾಕಿ ಇದ್ದಾಗಿಂದ ಶುಗರ್ ಐತಿ ಆಕಿಗಿ," ಎಂದಳು ಅವ್ವ, ಯಾರ ಮುಖವನ್ನೂ ನೋಡದೆ. "ಅದು ಮೊಬೈಲ್ ಅಲ್ಲ. ಅದ್ರ ಮ್ಯಾಲೇ ಜೀವ ಐತಿ."

ದೊಡ್ಡವ್ವ ನೆಲದ ಅಕ್ಕಿಯನ್ನೂ ನನ್ನನ್ನೂ ನೋಡಿದಳು. "ಇಂಥಾಕಿನ್ನ ಅಷ್ಟು ದೂರ ಹ್ಯಾಂಗ ಕಳಸ್ತಿ? ಇಲ್ಲೇ ಕಣ್ಮುಂದ ಇಟ್ಕೋಬಾರ್ದೇನು?"

"ಇಲ್ಲೇ ಇಟ್ಕೊಂಡು ಏನ್ ಮಾಡೀನಿ, ಅಕ್ಕಾ?" ಎಂದಳು ಅವ್ವ. "ಮುಚ್ಚಿಟ್ಟೀನಿ. ಅಷ್ಟ. ಅಲ್ಲಿ ಹೋಗಿ ಮುಚ್ಚಲಾರ್ದಂಗ ಇರ್ಲಿ."

ನಾನು ಕೂತು ಹೊಸ ನಳಿಕೆ ಹಾಕಿಕೊಂಡೆ. ಪಕ್ಕದ ಮನೆಯಾಕೆ ಹತ್ತಿರ ಬಂದು, ನೋಯುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ಅವ್ವ ಚೆಲ್ಲಿದ ಅಕ್ಕಿಯನ್ನು ಬಳಿದು ಬದಿಗಿಟ್ಟು, ಬೇರೆ ಅಕ್ಕಿ ತಂದು ತಾನೇ ಉಡಿ ತುಂಬಿ, ಗಂಟನ್ನು ಬಲಗಡೆ ಸಡಿಲವಾಗಿ ಸಿಕ್ಕಿಸಿದಳು. ಎಡಗಡೆಯಲ್ಲಿದ್ದ ಪಂಪನ್ನು ಸೀರೆಯ ಒಳಗಿಂದ ಎಳೆದು, ಎಲ್ಲರಿಗೂ ಕಾಣುವ ಹಾಗೆ ನೆರಿಗೆಯ ಮೇಲೆ ತೂಗುಬಿಟ್ಟಳು. ಅಷ್ಟರಲ್ಲಿ ರಾಹುಕಾಲವೂ ಮುಗಿದಿತ್ತು.

ಗಾಡಿ ಓಣಿ ದಾಟಿ ಹುಮನಾಬಾದಿನ ರಸ್ತೆ ಹಿಡಿದ ಮೇಲೆ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಅಷ್ಟು ಸಣ್ಣ ಮಾತು. ಅದನ್ನು ಹೇಳಲು ಅವಳಿಗೆ ನನ್ನ ಬಾಲ್ಯವೆಲ್ಲ ಸಾಲಲಿಲ್ಲ, ಗಾಡಿ ಬಾಗಿಲಿಗೆ ಬಂದು ನಿಲ್ಲಬೇಕಾಯಿತು. ಆ ಮಾತು ಒಂದಿಷ್ಟು ವರ್ಷ ಮೊದಲೇ ಅವಳ ಬಾಯಿಂದ ಬಂದಿದ್ದರೆ, ನಾನು ಐರ್ಲೆಂಡಿಗೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ.